ಊರು ಬಿಡದೆ ಕಲಿಯುವ ಸಭಾಪಾಲನೆ

ಒಂದು ಸಣ್ಣ ಲೆಕ್ಕ ಹಾಕೋಣ. ಗಾರೆ ಕೆಲಸದ ಒಬ್ಬ ಮೇಸ್ತ್ರಿ, ಮೂವತ್ತೈದರ ಆಸುಪಾಸು. ಹೆಂಡತಿ, ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ದಿನಕ್ಕೆ 700 ರೂಪಾಯಿ ಕೂಲಿ, ವರ್ಷಕ್ಕೆ 250 ದಿನ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಊರಿನ ಕ್ರೈಸ್ತ ಸಭೆಯಲ್ಲಿ ಮನಮುಟ್ಟುವ ಹಾಗೆ ಪ್ರಾರ್ಥನೆ ಮಾಡುತ್ತಾನೆ, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುವವನೂ ಅವನೇ. ಹಿರಿಯರು ‘ನೀನ್ಯಾಕಪ್ಪ ಸಭಾಪಾಲಕನ ಸೇವೆಗೆ ಬರಬಾರದು’ ಅನ್ನುತ್ತಾರೆ. ಅವನಿಗೂ ಮನಸ್ಸಿದೆ. ಆದರೆ ನಾಲ್ಕು ವರ್ಷ ದೇವಶಾಸ್ತ್ರದ ಕಾಲೇಜಿನಲ್ಲಿ ಓದಿ ಬರಬೇಕು. ಕಾಲೇಜಿನವರು ಫೀಸು, ಹಾಸ್ಟೆಲು, ಊಟ ಎಲ್ಲವನ್ನೂ ಬಿಟ್ಟಿ ಕೊಟ್ಟರೂ ಆ ಮನೆಗೆ ಬೀಳುವ ಖೋತಾ ಏಳು ಲಕ್ಷ. ಅಷ್ಟು ದಿನ ಸಂಘದ ಸಾಲದ ಕಂತು ಕಟ್ಟುವವರು ಯಾರು?

‘ಕಡಿಮೆ ಖರ್ಚಿನಲ್ಲಿ ಸೇವಕರ ತರಬೇತಿ’ ಎಂಬ ಮಾತು ಬಂದಾಗಲೆಲ್ಲ ನಮ್ಮ ಕಮಿಟಿಗಳು ಫೀಸಿನ ಸುತ್ತಲೇ ಗಿರಕಿ ಹೊಡೆಯುತ್ತವೆ. ಅರ್ಧ ಫೀಸು ಮಾಫಿ ಮಾಡೋಣ, ಯಾರಾದರೂ ದಾನಿಗಳನ್ನು ಹುಡುಕೋಣ, ಪುಸ್ತಕ ಕೊಡಿಸೋಣ ಅಂತ. ಫೀಸು ಚಿಲ್ಲರೆ ಮಾತು. ದುಬಾರಿಯಾಗುವುದು ಊರು ಬಿಡುವುದು.

ಮತ್ತೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಪೇಟೆಯ ದೊಡ್ಡ ದೇವಾಲಯಗಳ ಸದಸ್ಯರಿಗೆ ಅನ್ನಿಸಬಹುದು. ಅವರಲ್ಲಿ ಪ್ರತಿ ಭಾನುವಾರ ಪೀಠದ ಮುಂದೆ ನಿಲುವಂಗಿ ಹಾಕಿದ ಅಯ್ಯನವರು, ಅಂದರೆ ಪಾದ್ರಿಗಳು, ಇರುತ್ತಾರೆ. ಹಳ್ಳಿ ಕಡೆಯ ಪಾಡು ಬೇರೆ. ಒಬ್ಬ ಅಯ್ಯನವರ ಕೈಕೆಳಗೆ ಹಲವು ಊರುಗಳ ಸಭೆಗಳು. ಅವರು ಬೈಕಿನಲ್ಲಿ ಸುತ್ತು ಹಾಕುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ದೀಕ್ಷೆ ಪಡೆದ ಪಾದ್ರಿಗಳೇ ಬೇಕಾದ್ದರಿಂದ ಆ ಸಂಸ್ಕಾರ ತಿಂಗಳಿಗೊಮ್ಮೆ ಸಿಕ್ಕರೆ ಪುಣ್ಯ. ಉಳಿದ ಭಾನುವಾರಗಳಲ್ಲಿ ವಾಕ್ಯ ಓದುವವರು, ಪ್ರಸಂಗ ಮಾಡುವವರು, ಜ್ವರ ಬಂದ ಮಗುವಿನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವವರು ಟೈಲರುಗಳು, ಅಂಗನವಾಡಿ ಕಾರ್ಯಕರ್ತೆಯರು, ರಿಟೈರಾದ ಮೇಷ್ಟ್ರುಗಳು. ಸಭೆ ನಿಂತಿರುವುದೇ ಇವರ ಮೇಲೆ. ಆದರೆ ತರಬೇತಿಗೆ ಅಂತ ಖರ್ಚಾಗುವ ದುಡ್ಡಿನಲ್ಲಿ ಇವರ ಪಾಲಿಗೆ ಬರುವುದು ವರ್ಷಕ್ಕೊಂದು ಒಂದು ದಿನದ ಸೆಮಿನಾರು, ಒಂದು ಪೆನ್ನು, ಒಂದು ಪ್ಲಾಸ್ಟಿಕ್ ಫೈಲು, ಮಧ್ಯಾಹ್ನಕ್ಕೆ ಬಿರಿಯಾನಿ.

ಇದೇನೂ ಹೊಸ ಸಮಸ್ಯೆಯಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದಾಗಲೇ ಅವರ ಮುಂದೆ ಎರಡು ಪ್ರಶ್ನೆ ಎದ್ದವು. ಒಂದು, ಕ್ರೈಸ್ತರಾದ ಮೇಲೆ ಜಾತಿಯ ಜೊತೆಗೆ ಕುಲಕಸುಬನ್ನೂ ಕಳೆದುಕೊಂಡವರ ಹೊಟ್ಟೆಪಾಡು. ಇನ್ನೊಂದು, ಇವರ ನಡುವೆ ಇದ್ದುಕೊಂಡು ಇವರ ಭಾಷೆಯಲ್ಲಿ ಬೋಧಿಸುವವರು ಯಾರು ಅನ್ನುವುದು. ಮೊದಲನೆಯದಕ್ಕೆ ಉತ್ತರವಾಗಿ ಮುದ್ರಣಾಲಯ ಬಂತು, ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚಿನ ಕತೆ ಎಲ್ಲರಿಗೂ ಗೊತ್ತು. ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರ ಅಷ್ಟು ಪ್ರಸಿದ್ಧವಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಅದೇ ಹರ್ಮನ್ ಮೋಗ್ಲಿಂಗ್ 1847ರಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ ಶುರು ಮಾಡಿದರು. ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿ ಬಂದ ಹರ್ಮನ್ ಆನಂದರಾವ್ ಕೌಂಡಿನ್ಯ ಅಲ್ಲಿ ಕಲಿಸಿದರು. ಕನ್ನಡದಲ್ಲಿ ಪಾಠ, ಓದಿನ ನಡುವೆ ಸುತ್ತಮುತ್ತಲ ಊರುಗಳಿಗೆ ಹೋಗಿ ಬೋಧನೆ. ಉಪದೇಶಿ ಅಂದರೆ ಪೂರ್ಣ ಪಾದ್ರಿಯಲ್ಲ. ಶಾಲೆ ನಡೆಸಬೇಕು, ಕಾಯಿಲೆಯವರನ್ನು ನೋಡಬೇಕು, ಭಾನುವಾರದ ಆರಾಧನೆ ನಡೆಸಬೇಕು. ಸಂಬಳ ಕಡಿಮೆ, ಗೌರವ ಮಾತ್ರ ಊರಲ್ಲಿ ಜಾಸ್ತಿ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹಿಡಿದು ಕ್ಯಾಂಪುಗಳಲ್ಲಿಟ್ಟಿತು, ಆಮೇಲೆ ಊರಿಗೆ ಕಳಿಸಿಬಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸಭೆಗಳು ಮುಚ್ಚಲಿಲ್ಲ. ಇಲ್ಲಿನ ಬೋಧಕರು, ಉಪದೇಶಿಗಳು, ಹಿರಿಯರು ಉಳಿದಿದ್ದರಲ್ಲ. ಹೆಂಚಿನ ಕಾರ್ಖಾನೆಗೆ ಹಾಕಿದ ಬಂಡವಾಳಕ್ಕಿಂತ ಉಪದೇಶಿಗಳ ಮೇಲೆ ಹಾಕಿದ್ದೇ ಹೆಚ್ಚು ಬಾಳಿಕೆ ಬಂತು ಅಂತ ನಾನು ಹೇಳುವುದುಂಟು. ಮಂಗಳೂರಿನ ಗೆಳೆಯರು ಒಪ್ಪುವುದಿಲ್ಲ, ಅವರಿಗೆ ಹೆಂಚಿನ ಮೇಲೆ ಮಮಕಾರ.

ಕಾಲ ಕಳೆದಂತೆ ಉಪದೇಶಿ ಹಿಂದೆ ಸರಿದ, ಪದವಿ ಮುಂದೆ ಬಂತು. ಪದವಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಂಗಾಳದ ಸೆರಾಂಪುರ ಕಾಲೇಜು 1818ರಲ್ಲಿ ಹುಟ್ಟಿ, 1827ರಲ್ಲಿ ಡೆನ್ಮಾರ್ಕಿನ ರಾಜನ ಸನ್ನದಿನಿಂದ ಪದವಿ ಕೊಡುವ ಅಧಿಕಾರ ಪಡೆಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು 1910ರದ್ದು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಈಗಿನ ರೂಪಕ್ಕೆ ಬಂದದ್ದು 1965ರಲ್ಲಿ. ಮೋಗ್ಲಿಂಗರ ಸೆಮಿನರಿಯ ವಾರಸುದಾರಿಕೆ ಅದರದ್ದು. ಗ್ರೀಕು, ಹೀಬ್ರೂ ಬಲ್ಲವರು, ಸಭೆಯ ಚರಿತ್ರೆಯನ್ನು ಮೂಲ ದಾಖಲೆಗಳಿಂದ ಓದಬಲ್ಲವರು ನಮಗೆ ಬೇಕೇ ಬೇಕು. 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟ್ಟೆಲ್ ಶನಿವಾರ ಸಂಜೆಯ ಕ್ಲಾಸಿನಲ್ಲಿ ತಯಾರಾದವರಲ್ಲ. ಆದರೆ ಸೆರಾಂಪುರವನ್ನು ಕಟ್ಟಿದವರಲ್ಲೊಬ್ಬರಾದ ವಿಲಿಯಂ ಕೇರಿ ಯಾವ ಕಾಲೇಜಿನ ಮೆಟ್ಟಿಲೂ ಹತ್ತಿದವರಲ್ಲ ಅನ್ನುವುದನ್ನೂ ಮರೆಯಬಾರದು. ಇಂಗ್ಲೆಂಡಿನ ಮೌಲ್ಟನ್ ಎಂಬ ಹಳ್ಳಿಯಲ್ಲಿ ಅವರು ಬೂಟು ಹೊಲಿಯುತ್ತ, ಮಕ್ಕಳಿಗೆ ಪಾಠ ಹೇಳುತ್ತ, ಅದರ ಜೊತೆಗೇ ಸಭೆಯೊಂದನ್ನು ನೋಡಿಕೊಳ್ಳುತ್ತಿದ್ದರು. ಇವತ್ತಿನ ನಿಯಮದ ಪ್ರಕಾರ ಅವರು ತಾವೇ ಕಟ್ಟಿದ ಕಾಲೇಜಿಗೆ ಅರ್ಜಿ ಹಾಕಿದರೆ ಸೀಟು ಸಿಗುತ್ತಿತ್ತೋ ಇಲ್ಲವೋ.

ಊರು ಬಿಡಿಸದೆ ಕಲಿಸುವ ಉಪಾಯವನ್ನು ವ್ಯವಸ್ಥಿತವಾಗಿ ಮಾಡಿ ತೋರಿಸಿದವರು ದೂರದ ಗ್ವಾಟೆಮಾಲಾದವರು. ಅಲ್ಲಿನ ಪ್ರೆಸ್ಬಿಟೇರಿಯನ್ ಸೆಮಿನರಿ ರಾಜಧಾನಿಯಲ್ಲಿತ್ತು. 1962ರಲ್ಲಿ ತಮ್ಮ ಇಪ್ಪತ್ತೈದು ವರ್ಷದ ಲೆಕ್ಕ ತೆಗೆದು ನೋಡಿದರೆ, ಸೇರಿದ್ದ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಇನ್ನೂ ಸಭಾಪಾಲಕರಾಗಿ ಕೆಲಸ ಮಾಡುತ್ತಿದ್ದವರು ಹತ್ತೇ ಮಂದಿ. ಪಟ್ಟಣ ನೋಡಿದ ಹುಡುಗರು ಹಳ್ಳಿಗೆ ಮರಳಲಿಲ್ಲ. ಹಳ್ಳಿಯಲ್ಲಿ ನಿಜಕ್ಕೂ ಸಭೆ ನಡೆಸುತ್ತಿದ್ದ ನಡುವಯಸ್ಸಿನವರು ಹೊಲಮನೆ ಬಿಟ್ಟು ಬರುವ ಹಾಗಿರಲಿಲ್ಲ. ಸೆಮಿನರಿಯನ್ನೇ ಹಳ್ಳಿ ಸೀಮೆಗೆ ಎತ್ತಿಕೊಂಡು ಹೋದರು. ಆದರೂ ಜನ ಬರಲಿಲ್ಲ. ಕೊನೆಗೆ 1963ರಲ್ಲಿ ರಾಲ್ಫ್ ವಿಂಟರ್, ಜೇಮ್ಸ್ ಎಮರಿ ಮತ್ತು ಅವರ ಜೊತೆಗಾರರು ಮೇಷ್ಟ್ರುಗಳನ್ನೇ ಊರೂರಿಗೆ ಕಳಿಸತೊಡಗಿದರು. ವಾರವಿಡೀ ಮನೆಯಲ್ಲಿ ಓದು, ವಾರಕ್ಕೊಮ್ಮೆ ಹತ್ತಿರದ ಊರಲ್ಲಿ ಸೇರಿ ಚರ್ಚೆ, ಉಳಿದಂತೆ ಅವರವರ ಸಭೆಯಲ್ಲಿ ಎಂದಿನ ಕೆಲಸ. ಈ ಕ್ರಮಕ್ಕೆ ‘ಟಿಇಇ’ (ಥಿಯಾಲಜಿಕಲ್ ಎಜುಕೇಷನ್ ಬೈ ಎಕ್ಸ್‌ಟೆನ್ಷನ್) ಎಂಬ ಹೆಸರು ಬಿದ್ದು ಲೋಕವೆಲ್ಲ ಸುತ್ತಿತು. ನಮ್ಮಲ್ಲಿಗೂ ತಡವಾಗಲಿಲ್ಲ, ಇದೇ ಕ್ರಮದಲ್ಲಿ ಕಲಿಸಲು 1971ರಲ್ಲಿ ಶುರುವಾದ ‘ಟಾಫ್ಟಿ’ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಸೆರಾಂಪುರದವರೂ ಅಂಚೆ ಮೂಲಕ ಕ್ರೈಸ್ತ ಅಧ್ಯಯನದ ಡಿಪ್ಲೊಮಾ, ಪದವಿಗಳನ್ನು ತಂದರು.

ಟೆಡ್ ವಾರ್ಡ್ ಎಂಬ ಶಿಕ್ಷಣತಜ್ಞ ಈ ಕ್ರಮವನ್ನು ಗಳದ ಬೇಲಿಗೆ ಹೋಲಿಸಿದರು. ಮೇಲಿನ ಗಳ ಪುಸ್ತಕದ ಓದು, ಕೆಳಗಿನ ಗಳ ಊರಲ್ಲಿ ಮಾಡುವ ಕೆಲಸ, ಎರಡನ್ನೂ ಹಿಡಿದು ನಿಲ್ಲಿಸುವ ಗೂಟಗಳು ವಾರದ ಕೂಟಗಳು. ಗೂಟ ಸಡಿಲವಾದರೆ ಗಳಗಳು ತಾವಾಗಿ ನಿಲ್ಲುವುದಿಲ್ಲ. ಇದನ್ನು ನಾನು ಓದಿ ಒಪ್ಪಿಕೊಂಡದ್ದಲ್ಲ, ನೋಡಿ ಒಪ್ಪಿಕೊಂಡದ್ದು. ಕೈಗೆ ಪುಸ್ತಕ ಕೊಟ್ಟು ‘ಓದ್ಕೊಳ್ಳಿ, ಪರೀಕ್ಷೆಗೆ ಬನ್ನಿ’ ಎಂದ ಕಡೆಯೆಲ್ಲ ಪುಸ್ತಕ ಟ್ರಂಕಿನ ಮೇಲೆ ಧೂಳು ಹಿಡಿದು ಕೂತಿದೆ.

ನಾನು ಹೈಸ್ಕೂಲು ಮೇಷ್ಟ್ರು. ಶನಿವಾರ ಸಂಜೆ ನಮ್ಮ ದೇವಾಲಯದ ವೆಸ್ಟ್ರಿಯಲ್ಲಿ, ಅಂದರೆ ಅಯ್ಯನವರು ನಿಲುವಂಗಿ ತೊಡುವ ಪಕ್ಕದ ಕೋಣೆಯಲ್ಲಿ, ಇಂಥದೊಂದು ಕೂಟಕ್ಕೆ ಟ್ಯೂಟರ್ ಆಗಿ ಕೂರುತ್ತೇನೆ. ಕೂರುತ್ತೇನೆ ಅನ್ನುವುದೇ ಸರಿ, ಏಕೆಂದರೆ ಟ್ಯೂಟರ್ ಪಾಠ ಮಾಡಬಾರದು. ಓದಿಕೊಂಡು ಬಂದವರ ಬಾಯಲ್ಲಿ ಮಾತು ಹೊರಡಿಸಬೇಕು, ತಾನು ಸುಮ್ಮನಿರಬೇಕು. ಇಡೀ ದಿನ ಬೋರ್ಡಿನ ಮುಂದೆ ಗಂಟಲು ಹರಿದುಕೊಳ್ಳುವ ಮೇಷ್ಟ್ರಿಗೆ ಇದಕ್ಕಿಂತ ಕಠಿಣವಾದ ಶಿಸ್ತು ಇನ್ನೊಂದಿಲ್ಲ.

ಒಂದು ಸಂಜೆ ಲೂಕನ ಸುವಾರ್ತೆಯ 15ನೇ ಅಧ್ಯಾಯ. ಕಳೆದುಹೋದ ನಾಣ್ಯದ ಸಾಮ್ಯ. ಹೆಂಗಸು ದೀಪ ಹಚ್ಚಿ ಮನೆ ಗುಡಿಸಿ ನಾಣ್ಯ ಹುಡುಕುತ್ತಾಳೆ, ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆಯುತ್ತಾಳೆ. ನನ್ನ ತಲೆಯಲ್ಲಿ ವ್ಯಾಖ್ಯಾನಗಳ ರಾಶಿಯೇ ಇತ್ತು. ಅಂಗನವಾಡಿಯ ಅಕ್ಕ ಒಬ್ಬರು ನೋಟ್ ಬುಕ್ ಮುಚ್ಚಿ ಹೇಳಿದರು: ‘ಸಾರ್, ಅಷ್ಟೂ ಹೆಂಗಸರಿಗೆ ಕಾಫಿ ತಿಂಡಿ ಕೊಡೋಕೆ ಆ ನಾಣ್ಯಕ್ಕಿಂತ ಜಾಸ್ತಿ ಖರ್ಚಾಗಿರುತ್ತೆ. ದೇವರ ಲೆಕ್ಕ ಹಂಗೇ ಇರೋದು ಅಂತ ಹೇಳ್ಲಾ ಭಾನುವಾರ?’ ಹೇಳಿ ಅಕ್ಕ, ಅಂದೆ. ಅವರು ಹೇಳಿದರು, ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಪ್ರಸಂಗ ಎಂಟು ಹತ್ತು ನಿಮಿಷದಲ್ಲಿ ಮುಗಿಯಿತು, ಯಾರೂ ಗಡಿಯಾರ ನೋಡಲಿಲ್ಲ.

ಎಲ್ಲವೂ ಹೀಗೆ ಹೂವೆತ್ತಿದ ಹಾಗೆ ನಡೆಯುತ್ತದೆ ಅಂತಲ್ಲ. ನಮ್ಮ ಟೈಲರ್ ತಮ್ಮನಿಂದ ಸತ್ಯವೇದದ ರೋಮಾಪುರದವರಿಗೆ ಬರೆದ ಪತ್ರ ಓದಿಸಿದರೆ ಒಂದೇ ಉಸಿರು. ಹಳೆಯ ಅನುವಾದದ ವಾಕ್ಯಗಳೂ ಉದ್ದುದ್ದ, ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದಿಲ್ಲ. ಅದಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳುವುದನ್ನು ಕಲಿಸಿದೆವು. ಸಣ್ಣ ನಿಲುಗಡೆಗೆ ಒಂದು ಗೀಟು, ದೊಡ್ಡದಕ್ಕೆ ಎರಡು. ಬಟ್ಟೆಯ ಮೇಲೆ ಸೀಮೆಸುಣ್ಣದ ಗುರುತು ಹಾಕುವ ಕೈ, ಬೇಗ ಹಿಡಿತ ಸಿಕ್ಕಿತು. ಈಗ ಅವನು ಓದಿದರೆ ಮುಂದಿನ ಸಾಲಿನ ಅಜ್ಜಿಯರು ತಲೆದೂಗುತ್ತಾರೆ.

ಮಣ್ಣು ಕೊಡುವ ಆರಾಧನೆಯ ಅಭ್ಯಾಸ ಇನ್ನೊಂದು ದೊಡ್ಡ ಪಾಠ. ಇದನ್ನು ಹೇಳಿಕೊಡಲು ನಮ್ಮ ಅಯ್ಯನವರೇ ಬಂದಿದ್ದರು. ಕ್ಲಾಸಿನಲ್ಲಿ ಅಲ್ಲ, ದೇವಾಲಯದ ಹಿಂದಿನ ಬಯಲಿನಲ್ಲಿ ನಿಲ್ಲಿಸಿದರು. ಪುಸ್ತಕದ ಹಾಳೆ ಗಾಳಿಗೆ ಹಾರುತ್ತದೆ, ಆದ್ದರಿಂದ ಬೇಕಾದ ಪುಟಗಳನ್ನು ಮೊದಲೇ ಕ್ಲಿಪ್ಪು ಹಾಕಿಟ್ಟುಕೊಳ್ಳಿ. ತೀರಿಕೊಂಡವರ ಹೆಸರನ್ನು ಪೂರ್ತಿಯಾಗಿ ಒಂದು ಚೀಟಿಯಲ್ಲಿ ಬರೆದು ಪುಟದ ಮೇಲೆ ಅಂಟಿಸಿ, ದುಃಖದ ಗದ್ದಲದಲ್ಲಿ ಹೆಸರು ತಪ್ಪಿದರೆ ಮನೆಯವರು ಸಾಯುವವರೆಗೂ ಮರೆಯುವುದಿಲ್ಲ. ಕುಣಿಯ ಅಂಚಿನಲ್ಲಿ ನಿಲ್ಲಬೇಡಿ, ಸಡಿಲ ಮಣ್ಣು ಜಾರುತ್ತದೆ. ಅಳುವ ಮಗಳು ಪೆಟ್ಟಿಗೆ ಹಿಡಿದುಕೊಂಡರೆ ನೀವು ಬಿಡಿಸಲು ಹೋಗಬೇಡಿ, ಅವಳ ಚಿಕ್ಕಮ್ಮನನ್ನೋ ಅತ್ತೆಯನ್ನೋ ಕಣ್ಣಲ್ಲೇ ಕರೆಯಿರಿ, ಅಲ್ಲಿಯವರೆಗೆ ಒಂದು ಕೀರ್ತನೆ ಶುರು ಮಾಡಿ. ಗಾರೆ ಕೆಲಸದವನೊಬ್ಬ ಕೇಳಿದ: ‘ಅಯ್ಯನವರೇ, ನಮಗೇ ಅಳು ಬಂದ್ರೆ?’ ‘ಬರ್ಲಿ ಬಿಡು. ಆದ್ರೆ ಆಶೀರ್ವಾದದ ಮಾತು ಮಾತ್ರ ಜೋರಾಗಿ ಹೇಳು, ಅದು ಹಿಂದೆ ನಿಂತೋರಿಗೂ ಕೇಳಿಸ್ಬೇಕು’ ಅಂದರು. ಇದನ್ನು ಯಾವ ಪಠ್ಯಪುಸ್ತಕದಲ್ಲಿ ಬರೆಯುತ್ತೀರಿ? ಕಾಲೇಜಿನಲ್ಲಿ ಓದಿದ ಆ ಅಯ್ಯನವರೂ ಇದನ್ನು ಕಲಿತದ್ದು ಮೊದಲ ಸಭೆಯಲ್ಲಿ, ಹಳೆಯ ಉಪದೇಶಿಯೊಬ್ಬರ ಪಕ್ಕ ನಿಂತು.

ಕಾನೂನಿನ ವಿಷಯಕ್ಕೆ ಬಂದರೆ ಊರಿನ ಸೇವಕರು ತೀರಾ ಕತ್ತಲೆಯಲ್ಲಿರುತ್ತಾರೆ. ಮದುವೆಯ ಉದಾಹರಣೆಯನ್ನೇ ನೋಡಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಯಾರು ಮದುವೆ ನೆರವೇರಿಸಬಹುದು ಎಂಬುದು ಅದರಲ್ಲಿ ಸ್ಪಷ್ಟವಿದೆ. ಬೆಳಿಗ್ಗೆ ಆರರಿಂದ ಸಂಜೆ ಏಳರ ಒಳಗೆ ಆಗಬೇಕು ಎಂಬ ನಿಯಮವಿದೆ, ಅದಕ್ಕೆ ಒಂದೆರಡು ವಿನಾಯಿತಿಗಳಿವೆ. ರಿಜಿಸ್ಟರ್ ಬರೆಯುವ ಕ್ರಮವಿದೆ, ಸಾಕ್ಷಿಗಳ ಸಹಿ ಬೇಕು. ಪ್ರೀತಿಯಿಂದ ಪ್ರಾರ್ಥನೆ ಮಾಡಿ ತಾಳಿ ಕಟ್ಟಿಸಿ, ರಿಜಿಸ್ಟರ್ ಇಲ್ಲದೆ ಕಳಿಸಿಬಿಟ್ಟರೆ, ಮುಂದೆ ಪಾಸ್‌ಪೋರ್ಟಿಗೋ ಪಿಂಚಣಿಗೋ ಅಲೆಯುವವಳು ಆ ಹುಡುಗಿ. ಹಾಗೆಯೇ 2012ರ ಪೋಕ್ಸೊ ಕಾಯ್ದೆ. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು; ‘ಸಭೆಯೊಳಗೇ ಬಗೆಹರಿಸೋಣ’ ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಸಂಡೇ ಸ್ಕೂಲ್ ಟೀಚರುಗಳಿಗೆ ದಾವೀದ ಗೊಲ್ಯಾತರ ಕತೆಗಿಂತ ಮೊದಲು ಇದನ್ನು ಹೇಳಿಕೊಡಬೇಕು ಅನ್ನುವುದು ನನ್ನ ಹಟ. ಹಿರಿಯರಿಗೆ ಈ ಪಾಠ ಇಷ್ಟವಾಗಲಿಲ್ಲ, ಮಾಡಿದೆವು.

ಇನ್ನು ಅಗ್ಗದ ಹೆಸರಿನಲ್ಲಿ ನಡೆಯುವ ಇನ್ನೊಂದು ವ್ಯಾಪಾರ. ಬಾಡಿಗೆ ಕಟ್ಟಡದ ಮೇಲಿನ ಮಹಡಿಯಲ್ಲಿ ಬೋರ್ಡು, ಮೂರು ತಿಂಗಳ ‘ಬೈಬಲ್ ಕಾಲೇಜು’, ಕೊನೆಗೆ ಕಪ್ಪು ಗೌನು, ಚೌಕದ ಟೋಪಿ, ಫೋಟೊ. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೆ ಗೌರವ ಡಾಕ್ಟರೇಟು. 1956ರ ಯುಜಿಸಿ ಕಾಯ್ದೆಯ ಪ್ರಕಾರ ಕಾನೂನುಬದ್ಧ ವಿಶ್ವವಿದ್ಯಾಲಯಗಳು, ಪದವಿ ಕೊಡಲು ಅಧಿಕಾರ ಪಡೆದ ಸಂಸ್ಥೆಗಳು ಬಿಟ್ಟು ಬೇರೆಯವರು ಪದವಿ ಹಂಚುವ ಹಾಗಿಲ್ಲ. ಆದರೂ ನಮ್ಮ ಕನ್ವೆನ್ಷನ್ ಪೋಸ್ಟರುಗಳಲ್ಲಿ ಹೆಸರಿನ ಹಿಂದೆ ‘ಡಾ.’ ಇಲ್ಲದವರನ್ನು ದುರ್ಬೀನು ಹಾಕಿ ಹುಡುಕಬೇಕು. ಪಾಪ, ಆ ಸರ್ಟಿಫಿಕೇಟಿಗೆ ಸಾಲ ಮಾಡಿ ದುಡ್ಡು ಕಟ್ಟುವವರು ಬಹುಪಾಲು ಬಡವರೇ. ಸಭೆಯೊಳಗೆ ಅವರಿಗೆ ಸಿಗದ ಮರ್ಯಾದೆಯನ್ನು ಅವರು ಅಲ್ಲಿ ಕೊಂಡುಕೊಳ್ಳುತ್ತಿದ್ದಾರೆ. ಅವರನ್ನು ನೋಡಿ ನಗುವ ಮೊದಲು, ಊರಲ್ಲಿ ಹತ್ತು ವರ್ಷ ಪ್ರಸಂಗ ಮಾಡಿದವನಿಗೆ ಡಯಾಸಿಸ್ಸಿನ (ಬಿಷಪ್ಪರ ಆಡಳಿತದ ಸೀಮೆಯ) ಸಭೆಯಲ್ಲಿ ಕುರ್ಚಿ ಹಾಕಿದ್ದೇವಾ ಅಂತ ಕೇಳಿಕೊಳ್ಳಬೇಕು.

ಹೆಂಗಸರ ವಿಷಯದಲ್ಲಿ ಈ ಅಸಡ್ಡೆ ಇನ್ನೂ ಎದ್ದು ಕಾಣುತ್ತದೆ. ಮಿಷನ್ ಕಾಲದಿಂದಲೂ ಮನೆಮನೆಗೆ ಸತ್ಯವೇದ ಹಿಡಿದು ಹೋಗುತ್ತಿದ್ದ ‘ಬೈಬಲ್ ವುಮನ್’ಗಳೇ ಅಡುಗೆಮನೆಯ ತನಕ ಮುಟ್ಟಿದ ಸೇವಕರು. ಸಿಎಸ್‌ಐ (ದಕ್ಷಿಣ ಭಾರತ ಸಭೆ) 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ ಆಗಿ ನೇಮಿಸಿತು, ಸಂತೋಷ. ಆದರೆ ವಾರದ ಕೂಟಕ್ಕೆ ಬರುವ ನಮ್ಮ ಅಕ್ಕಂದಿರು ಸಂಜೆ ಏಳೂವರೆಗೆ ಬಸ್ಸು ಹಿಡಿಯಲೇಬೇಕು, ಮನೆಗೆ ಹೋಗಿ ಮುದ್ದೆ ತಿರುವಬೇಕು. ಕೂಟದ ಸಮಯವನ್ನು ಅವರ ಬಸ್ಸಿಗೆ ಹೊಂದಿಸಿಕೊಂಡ ಮೇಲೆಯೇ ಹಾಜರಿ ಸರಿಯಾದದ್ದು. ಪಠ್ಯಕ್ರಮದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಬಸ್ಸಿನ ಟೈಮು ಕೇಳಿರಲೇ ಇಲ್ಲ.

ನನ್ನ ದೊಡ್ಡ ತಕರಾರು ಇರುವುದು ಬೇರೆ ಕಡೆ. ಊರಲ್ಲೇ ಕಲಿಸಿದರೆ ಅಗ್ಗವಾಗುತ್ತದೆ ಎಂದು ಗೊತ್ತಾದ ಕೂಡಲೇ ಸಭೆ ಕೈ ತೊಳೆದುಕೊಳ್ಳುತ್ತದೆ. ಟ್ಯೂಟರಿಗೆ ಏನೂ ಕೊಡಬೇಕಿಲ್ಲ, ಮೇಷ್ಟ್ರಿಗೆ ಸಂಬಳವಿದೆ. ಕಲಿಯುವವನಿಗೆ ಏನೂ ಕೊಡಬೇಕಿಲ್ಲ, ಅವನಿಗೆ ಕೂಲಿಯಿದೆ. ಪೆಟ್ರೋಲು ಅವನದ್ದೇ, ಪುಸ್ತಕ ಅವನದ್ದೇ. ಕಲಿತು ಮುಗಿಸಿದ ಮೇಲೆ ಮೂರು ಊರು ನೋಡಿಕೊಳ್ಳುವುದೂ ಅವನೇ, ಕೈಗೆ ಸಿಗುವುದು ಕ್ರಿಸ್‌ಮಸ್ಸಿಗೊಂದು ಪಂಚೆ, ಒಂದು ಕವರು. ಶನಿವಾರ ಅರ್ಧ ದಿನ ಕೆಲಸ ಬಿಟ್ಟು ಬರುವ ಮೇಸ್ತ್ರಿಗೆ 350 ರೂಪಾಯಿ ಕಡಿತವಾಗುತ್ತದೆ. ವರ್ಷಕ್ಕೆ ನಲವತ್ತು ಶನಿವಾರ ಅಂದರೆ 14 ಸಾವಿರ. ಈ 14 ಸಾವಿರ ನಮ್ಮ ಯಾವ ವರದಿಯಲ್ಲೂ ಕಾಣುವುದಿಲ್ಲ. ವರದಿಯಲ್ಲಿ ಬರೆದಿರುವುದು ‘ತರಬೇತಿ ವೆಚ್ಚ ಅತ್ಯಲ್ಪ’ ಅಂತ.

ಇದನ್ನೆತ್ತಿದರೆ ತಕ್ಷಣ ಬರುವ ಉತ್ತರ ‘ಅಪೊಸ್ತಲ ಪೌಲನೂ ಗುಡಾರ ಹೊಲಿದು ಸೇವೆ ಮಾಡಲಿಲ್ಲವೇ’ ಅಂತ. ಹೊಲಿದ, ನಿಜ. ಸತ್ಯವೇದದ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯದಲ್ಲಿದೆ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಹೊಲಿದ. ಆದರೆ ಅದೇ ಅಧ್ಯಾಯದಲ್ಲಿ ಎರಡು ವಚನ ಮುಂದೆ ಹೋದರೆ, ಮಕೆದೋನ್ಯದಿಂದ ಸೀಲನೂ ತಿಮೊಥೆಯನೂ ಬಂದ ಮೇಲೆ ಪೌಲ ಪೂರ್ತಿಯಾಗಿ ಬೋಧನೆಗೆ ತೊಡಗಿದ ಅಂತಿದೆ. ಅದೇ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ‘ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು’ ಎಂಬ ಮೋಶೆಯ ನಿಯಮವನ್ನು ಎತ್ತಿ, ಸುವಾರ್ತೆ ಸಾರುವವರು ಅದರಿಂದಲೇ ಜೀವನ ಮಾಡಬೇಕು ಅಂತ ವಾದಿಸುವವನೂ ಪೌಲನೇ. ಕೊಡುತ್ತೇವೆ ಅಂದರೂ ಬೇಡ ಅನ್ನುವುದು ಪೌಲನ ಹಕ್ಕು. ಕೊಡದೆ ಇರುವುದಕ್ಕೆ ಕೊರಿಂಥದವರು ಅವನ ಹೆಸರು ಹೇಳುವ ಹಾಗಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಶನಿವಾರದ ಅರ್ಧ ದಿನದ ಕೂಲಿ ಸಭೆಯಿಂದ ಬರಲಿ. ಪುಸ್ತಕ ಸಭೆಯ ಆಸ್ತಿಯಾಗಲಿ, ಒಬ್ಬರು ಮುಗಿಸಿ ಇನ್ನೊಬ್ಬರಿಗೆ ಕೊಡಲಿ. ಅಯ್ಯನವರ ಕೆಲಸದ ಪಟ್ಟಿಯಲ್ಲಿ ತಿಂಗಳಿಗೆರಡು ಸಂಜೆ ಈ ಕೂಟಕ್ಕೆ ಅಂತ ಬರೆದಿಡಲಿ; ಈಗಿನ ಹಾಗೆ ಅವರು ಮಿಕ್ಕ ಕೆಲಸ ಮುಗಿಸಿ ಏದುಸಿರು ಬಿಡುತ್ತ ಬರುವುದು ಬೇಡ. ವರ್ಷಕ್ಕೊಮ್ಮೆ ಹತ್ತು ದಿನ ಬಲ್ಮಠಕ್ಕೋ ಬೆಂಗಳೂರಿಗೋ ಕಳಿಸಿ, ದೊಡ್ಡ ಗ್ರಂಥಾಲಯ ಹೇಗಿರುತ್ತದೆ ಅಂತ ಇವರೂ ನೋಡಲಿ, ತಮ್ಮ ಮಾತನ್ನು ಒಪ್ಪದವರ ಎದುರು ಕೂತು ವಾದ ಮಾಡಿ ಬರಲಿ. ಊರಲ್ಲೇ ಕಲಿತವರಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಅದೇ: ಅವರ ತಪ್ಪನ್ನು ತಿದ್ದುವಷ್ಟು ಬಲ್ಲವರು ಊರಲ್ಲಿ ಸಿಗುವುದು ಕಷ್ಟ.

ದುಡ್ಡು ಎಲ್ಲಿಂದ ಅಂದರೆ, ಸುಗ್ಗಿ ಹಬ್ಬದ ಹರಾಜು ಇದೆಯಲ್ಲ. ಒಂದು ಕುಂಬಳಕಾಯಿಯನ್ನು ಜಿದ್ದಿಗೆ ಬಿದ್ದು ಸಾವಿರಗಟ್ಟಲೆಗೆ ಕೂಗುವ ಜನ ನಾವು, ನಾಟಿ ಹುಂಜಕ್ಕಂತೂ ಕೇಳಲೇಬೇಡಿ. ಆ ಒಂದು ದಿನದ ಹರಾಜಿನ ಹಣ ಪೂರ್ತಿ ಈ ತರಬೇತಿಗೆ ಅಂತ ಬರೆದಿಟ್ಟರೆ ನಮ್ಮ ಕೂಟದ ಎಲ್ಲರ ಶನಿವಾರದ ಕೂಲಿಯೂ ಹುಟ್ಟಿ ಒಂದಿಷ್ಟು ಉಳಿಯುತ್ತದೆ. ಕಮಿಟಿಯಲ್ಲಿ ಪ್ರಸ್ತಾಪ ಇಟ್ಟಿದ್ದೇನೆ. ಖಜಾಂಚಿಯವರು ‘ನೋಡೋಣ ಮೇಷ್ಟ್ರೇ’ ಅಂದಿದ್ದಾರೆ. ಅಷ್ಟರೊಳಗೆ ಹೊಸ ಸೌಂಡ್ ಸಿಸ್ಟಮ್ಮಿಗೆ ಕೊಟೇಷನ್ ಬಂದು ಕೂತಿದೆ.